ದಪ್ಪಗಾದ ಕಿರಣಕ್ಕೆ ಆಯಸ್ಸು ಹೆಚ್ಚು

ಬೆಳಿಗ್ಗೆ ಎಂಟೂ ಹತ್ತಕ್ಕೆ ಏಳನೇ ಲೈನಿನ ಬಾಗಿಲು ತೆರೆಯಲಿಲ್ಲ. ಕಾರ್ಡು ತೋರಿಸಿದರೆ ಹಸಿರು ದೀಪ ಹತ್ತಬೇಕಾದ ಕಡೆ ಕೆಂಪು ಹತ್ತಿತು. ಇನ್ನೊಮ್ಮೆ ತೋರಿಸಿದರೂ ಕೆಂಪು. ಕಾರ್ಡನ್ನು ತೋಳಿಗೆ ಒರೆಸಿ ಮತ್ತೆ ತೋರಿಸಿದಳು. ಕೆಂಪೇ.

"ಬೀಗ ನಿನ್ನೆ ಸಂಜೆ ಬದಲಾಯಿಸಿದ್ರು ಮೇಡಂ," ಎಂದ ಕಾವಲುಗಾರ, ಎರಡು ಹೆಜ್ಜೆ ದೂರದಲ್ಲೇ ನಿಂತು. "ನನ್ನ ಬೈಬೇಡಿ."

"ಯಾರು ಹೇಳಿದ್ದು?"

"ಮೇಲಿನವರು."

"ಮೇಲಿನವರು ಅಂದ್ರೆ? ಚಾವಣಿ ಮೇಲೆ ಕೂತಿರೋರಾ?"

ಕಾವಲುಗಾರ ನಗು ತಡೆದುಕೊಂಡು ಬಾಗಿಲಿಗೆ ಅಂದು ಬೆಳಿಗ್ಗೆ ಅಂಟಿಸಿದ್ದ ಕಾಗದದ ಕಡೆ ಕೈ ತೋರಿಸಿದ. ಅದರಲ್ಲಿದ್ದದ್ದು ಮೂರೇ ಸಾಲು. ಏಳನೇ ಲೈನಿನ ಕನ್ನಡಿ ಸೊಟ್ಟಗಾಗಿರುವ ಶಂಕೆ ಇರುವುದರಿಂದ ಲೈನನ್ನು ಮುಚ್ಚಲಾಗಿದೆ. ನಾಳೆ ಹನ್ನೊಂದಕ್ಕೆ ಪರಿಶೀಲನಾ ಸಮಿತಿ ಸೇರುತ್ತದೆ. ಸಮಿತಿ ಒಪ್ಪಿದರೆ ಕನ್ನಡಿಯನ್ನು ಹೊರತೆಗೆಯಲಾಗುವುದು.

ಅವಳು ಆ ಲೈನಿನ ಮುಖ್ಯಸ್ಥೆ. ಲೈನು ಕಟ್ಟಿದ ದಿನದಿಂದ ಅಲ್ಲೇ ಇದ್ದುದರಿಂದ ಇಡೀ ಕೇಂದ್ರ ಅವಳನ್ನು ಏಳಮ್ಮ ಎಂದೇ ಕರೆಯುತ್ತಿತ್ತು. ಕನ್ನಡಿ ಹೊರತೆಗೆಯುವುದು ಎಂದರೇನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿರ್ವಾತದ ಕೊಳವೆಯನ್ನು ಒಡೆಯಬೇಕು, ಕನ್ನಡಿಯನ್ನು ತಯಾರಿಸಿದವರ ಬಳಿಗೆ ಕಳಿಸಬೇಕು, ಅದು ವಾಪಸು ಬಂದ ಮೇಲೆ ಮತ್ತೆ ಗಾಳಿ ಎಳೆಯಬೇಕು, ಕೊಳವೆ ಕಾಯಿಸಬೇಕು, ಕೂರಿಸಬೇಕು. ಅರ್ಧ ವರ್ಷ ನೀರಿಗೆ ಹೋದ ಹಾಗೆ. ಅರ್ಧ ವರ್ಷ ಬೆಳಕು ಕೊಡದ ಲೈನಿನ ಜಾಗದ ಮೇಲೆ ಇನ್ನೊಬ್ಬರ ಕಣ್ಣು ಬೀಳಲು ಅಷ್ಟು ದಿನವೂ ಬೇಕಾಗಿರಲಿಲ್ಲ.

ಆ ಕೇಂದ್ರದ ಕೆಲಸ ಹೀಗೆ. ಆಟದ ಮೈದಾನದಷ್ಟು ದೊಡ್ಡ ಉಂಗುರದಾಕಾರದ ಕೊಳವೆ. ಒಳಗೆ ಗಾಳಿ ಇಲ್ಲ. ಅದರಲ್ಲಿ ಎಲೆಕ್ಟ್ರಾನುಗಳ ಕಿರಣವೊಂದು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತು ಹಾಕುತ್ತಿರುತ್ತದೆ. ಅಯಸ್ಕಾಂತಗಳು ಅದನ್ನು ಬಗ್ಗಿಸಿದಲ್ಲೆಲ್ಲ ಅದು ಎಕ್ಸ್-ರೇ ಬೆಳಕು ಚೆಲ್ಲುತ್ತದೆ. ಉಂಗುರದ ಸುತ್ತ ಕಟ್ಟಿರುವ ಲೈನುಗಳು ಆ ಬೆಳಕನ್ನು ಹಿಡಿದು, ಸೀಸ ಹೊದಿಸಿದ ಕೋಣೆಗಳಿಗೆ ಒಯ್ಯುತ್ತವೆ. ಏಳಮ್ಮನ ಕೋಣೆಯಲ್ಲಿ ಆ ಬೆಳಕು ಮೂಳೆಯ ಚೂರುಗಳ ಮೂಲಕ ಹಾಯುತ್ತಿತ್ತು. ಸೊಂಟದ ಕೀಲಿಗೆ ಹಾಕಿದ ತಿರುಪು ಸಡಿಲವಾಗುವ ಮೊದಲು ಮೂಳೆಯಲ್ಲಿ ಕೂದಲಿಗಿಂತ ಸಣ್ಣ ಬಿರುಕು ಎಲ್ಲಿ ಹುಟ್ಟುತ್ತದೆ ಎಂದು ಕಂಡುಹಿಡಿಯುವ ಕೆಲಸ. ಮೂಳೆ ವೈದ್ಯರು ಆ ಚಿತ್ರಗಳಿಗಾಗಿ ಸರದಿ ಹಿಡಿದು ಕಾಯುತ್ತಿದ್ದರು.

ಕಳೆದ ಕೆಲವು ವಾರಗಳಿಂದ ಚಿತ್ರ ಮಸುಕಾಗಿತ್ತು. ಮಸುಕಿನಲ್ಲೂ ಒಂದು ವಿಚಿತ್ರವಿತ್ತು. ನಿಂತ ಬಿರುಕುಗಳು ಬ್ಲೇಡಿನಲ್ಲಿ ಗೀರಿದಷ್ಟು ಸ್ಪಷ್ಟ. ಮಲಗಿದ ಬಿರುಕುಗಳು ಮಾತ್ರ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿದ್ದವು.

ಕಾಗದವನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅವಳು ಮುಖ್ಯಸ್ಥರ ಕೋಣೆಗೆ ಹೋದಳು.

ಉಂಗುರದ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಶತಾಯುಷಿ ಎನ್ನುತ್ತಿದ್ದರು. ವಯಸ್ಸು ಐವತ್ತಾರು. ಬಾಯಿ ತೆರೆದರೆ ಕಿರಣದ ಆಯಸ್ಸಿನ ಮಾತು, ಅದಕ್ಕೇ ಆ ಹೆಸರು. ಒಮ್ಮೆ ತುಂಬಿದ ಕಿರಣ ಎಷ್ಟು ಗಂಟೆ ಉಳಿಯುತ್ತದೆ ಎಂಬುದೇ ಅದರ ಆಯಸ್ಸು. ಕಾರಿಡಾರಿನ ಪ್ರತಿ ತಿರುವಿನಲ್ಲೂ, ಕ್ಯಾಂಟೀನಿನಲ್ಲೂ, ಕೊನೆಗೆ ಕೈ ತೊಳೆಯುವ ಜಾಗದಲ್ಲೂ ಒಂದೊಂದು ಟಿವಿ ನೇತುಹಾಕಿ ಆ ಸಂಖ್ಯೆಯನ್ನು ದೊಡ್ಡದಾಗಿ ತೋರಿಸುತ್ತಿದ್ದರು. ಕಿರಣದ ದಪ್ಪ ಎಷ್ಟು ಎಂಬುದು ಅದೇ ಟಿವಿಯ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿರುತ್ತಿತ್ತು. ಮೊದಲು ಆಯಸ್ಸು ಒಂಬತ್ತು ಗಂಟೆ ಇತ್ತು. ಹಿಂದಿನ ದುರಸ್ತಿ ವಿರಾಮದ ನಂತರ ಹದಿನಾಲ್ಕಕ್ಕೆ ಏರಿತ್ತು. ಅದು ದಾಖಲೆ. ಕ್ಯಾಂಟೀನಿನಲ್ಲಿ ಕೇಕು ಕತ್ತರಿಸಿದ್ದರು, ಏಳಮ್ಮನೂ ಒಂದು ತುಂಡು ತಿಂದಿದ್ದಳು.

"ಬನ್ನಿ ಬನ್ನಿ. ಕೂತ್ಕೊಳ್ಳಿ," ಎಂದರು ಶತಾಯುಷಿ. "ನೀವು ಬರ್ತೀರಿ ಅಂತ ಗೊತ್ತಿತ್ತು."

"ಬರ್ತೀನಿ ಅಂತ ಗೊತ್ತಿದ್ರೆ ಬೀಗ ಹಾಕೋ ಮೊದಲೇ ಕರೀಬಹುದಿತ್ತಲ್ಲ ಸರ್? ಕಳ್ಳರ ಮನೆಗೆ ಸೀಲ್ ಹಾಕಿದ ಹಾಗೆ ಹಾಕಿದೀರಿ."

"ಭಾವುಕರಾಗಬೇಡಿ."

"ನಾನು ಭಾವುಕಳಾಗಿಲ್ಲ, ಸಿಟ್ಟಾಗಿದೀನಿ. ಎರಡೂ ಬೇರೆ ಬೇರೆ."

ಶತಾಯುಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಪಾಠ ಶುರು ಎಂದರ್ಥ. "ನೋಡಿ, ನಿಮ್ಮ ಚಿತ್ರ ಮೇಲೆ-ಕೆಳಗೆ ಮಾತ್ರ ಮಸುಕಾಗ್ತಿದೆ. ನಿಮ್ಮ ಕನ್ನಡಿ ಬೆಳಕನ್ನ ಮೇಲೆ-ಕೆಳಗೇ ಕೂಡಿಸೋದು. ಅದು ಸೊಟ್ಟ ಆದ್ರೆ ಹೀಗೇ ಆಗುತ್ತೆ. ವಿರಾಮದಲ್ಲಿ ಅದರ ತಿರುಪು ಮುಟ್ಟಿದ್ದು ಯಾರು? ನೀವು. ಇನ್ನೇನು ಹೇಳಬೇಕು?"

"ವಿರಾಮದಲ್ಲಿ ನೀವೂ ರಿಂಗ್ ಮುಟ್ಟಿದೀರಿ."

"ಮುಟ್ಟಿದೀನಿ. ಮುಟ್ಟಿದ್ದಕ್ಕೇ ಹದಿನಾಲ್ಕು ಗಂಟೆ." ಗೋಡೆಯ ಟಿವಿಯ ಕಡೆ ಬೆರಳು ಮಾಡಿದರು. "ಕಿರಣ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ."

"ದಪ್ಪ?"

"ದಪ್ಪ ಮೊದಲು ಎಷ್ಟಿತ್ತೋ ಅಷ್ಟೇ. ಹತ್ತು ಮೈಕ್ರಾನ್. ಕ್ಯಾಮೆರಾ ಅಲ್ಲೇ ತೋರಿಸ್ತಿದೆ, ಓದ್ಕೊಳ್ಳಿ. ಕಿರಣ ಸರಿ ಇದೆ, ಕನ್ನಡಿ ಸರಿ ಇಲ್ಲ. ಒಪ್ಪಿಕೊಂಡ್ರೆ ನಿಮಗೂ ಗೌರವ."

ಗೌರವದ ಮಾತು ಕೇಳಿ ಏಳಮ್ಮನಿಗೆ ಮೈ ಉರಿಯಿತು. ಆದರೆ ಹತ್ತು ಮೈಕ್ರಾನು, ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ಅಲ್ಲಗಳೆಯಲಾಗದ ಸಂಖ್ಯೆ. ಕಿರಣ ಎಷ್ಟು ತೆಳ್ಳಗಿದೆ ಎಂದು ನೋಡಲೆಂದೇ ಉಂಗುರಕ್ಕೆ ಜೋಡಿಸಿರುವ ಕ್ಯಾಮೆರಾ ಅದು. ಅದು ಹತ್ತು ಎಂದರೆ ಹತ್ತು. ಕಾಗದವನ್ನು ಮಡಚಿಕೊಂಡು ಹೊರಗೆ ಬಂದಳು.

ಕನ್ನಡಿಯ ಮೇಲೆ ಅನುಮಾನ ಬಂದರೆ ಕನ್ನಡಿ ಇಲ್ಲದ ಕಡೆ ನೋಡಬೇಕು. ಮೂರನೇ ಲೈನಿಗೆ ಕನ್ನಡಿ ಇಲ್ಲ, ಬೆಳಕು ನೇರ ಬಂದು ಬೀಳುತ್ತದೆ. ಅಲ್ಲಿನವನು ಲೋಹದ ತೆಳು ಪದರಗಳನ್ನು ನೋಡುವ ವಿಜ್ಞಾನಿ. ಇವಳು ಏಳಮ್ಮನಾದರೆ ಅವನು ಮೂರಣ್ಣ. ಅವನು ತನ್ನ ಪರದೆಯನ್ನು ಅವಳಿಗೆ ಕಾಣದ ಹಾಗೆ ತಿರುಗಿಸಲು ಹೋಗಿ, ತಡವಾಯಿತೆಂದು ಗೊತ್ತಾಗಿ ಸುಮ್ಮನಾದ. ಮಲಗಿದ ಗೆರೆಗಳೆಲ್ಲ ಅಲ್ಲೂ ಹರಡಿಕೊಂಡಿದ್ದವು.

"ಎಷ್ಟು ದಿನದಿಂದ?" ಎಂದಳು.

"ನಿಮ್ಮಷ್ಟೇ ದಿನದಿಂದ."

"ಮತ್ತೆ ಬಾಯಿಗೇನು ಬೀಗ? ಅದನ್ನೂ ನಿನ್ನೆ ಸಂಜೆ ಬದಲಾಯಿಸಿದ್ರಾ?"

"ಮೇಡಂ, ಮುಂದಿನ ತಿಂಗಳು ನನ್ನ ಲೈನಿನ ಸಮಯ ಹಂಚಿಕೆ ಇದೆ. ಅದು ಅವರ ಕೈಯಲ್ಲಿದೆ. ನಂದು ಹಾಗೋ ಹೀಗೋ ನಡೀತಿದೆ. ದಯವಿಟ್ಟು ನನ್ನ ಹೆಸರು ಎತ್ತಬೇಡಿ."

"ನನ್ನ ಕನ್ನಡಿ ಬಿಚ್ತಾರೆ. ನೀನು ಹಂಚಿಕೆ ಕಾಯ್ತಾ ಕೂತಿರ್ತೀಯ."

ಮೂರಣ್ಣ ತಲೆ ತಗ್ಗಿಸಿದ. ಅವನ ಬೋಳುತಲೆಯನ್ನು ನೋಡುತ್ತ ನಿಂತ ಅವಳಿಗೆ ಸಿಟ್ಟಿನ ನಡುವೆಯೇ ಲೆಕ್ಕವೊಂದು ತಾಳೆಯಾಯಿತು. ಕನ್ನಡಿ ಇರುವಲ್ಲೂ ಮಸುಕು, ಇಲ್ಲದಲ್ಲೂ ಮಸುಕು. ಎಂದರೆ ಮಸುಕಾಗಿರುವುದು ಕಿರಣವೇ. ಅದು ಮೇಲೆ-ಕೆಳಗೆ ನಡುಗಿ ದಪ್ಪಗಾಗಿದೆ. ಇಕ್ಕಟ್ಟಾದ ಓಣಿಯಲ್ಲಿ ಜನ ಒಬ್ಬರಿಗೊಬ್ಬರು ಮೊಣಕೈ ತಾಗಿಸುತ್ತಾರೆ, ಅಗಲವಾದ ರಸ್ತೆಯಲ್ಲಿ ತಾಗಿಸುವುದಿಲ್ಲ. ಎಲೆಕ್ಟ್ರಾನುಗಳದ್ದೂ ಅದೇ ಕಥೆ. ತೆಳ್ಳಗಿನ ಕಿರಣದಲ್ಲಿ ಒಂದಕ್ಕೊಂದು ಬಡಿದು ಹೊರಗೆ ಬೀಳುತ್ತವೆ. ಕಿರಣ ಊದಿಕೊಂಡರೆ ಬಡಿದಾಟ ಕಡಿಮೆಯಾಗಿ ಹೆಚ್ಚು ಹೊತ್ತು ಉಳಿಯುತ್ತವೆ. ಹದಿನಾಲ್ಕು ಗಂಟೆಯ ಆಯಸ್ಸು ಆರೋಗ್ಯದ ಗುರುತಲ್ಲ, ಕಾಯಿಲೆಯ ಗುರುತು. ಇಡೀ ಕೇಂದ್ರ ಸೇರಿ ಬಾವು ಬಂದವನನ್ನು ಮೈ ತುಂಬಿಕೊಂಡಿದ್ದಾನೆ ಎಂದು ಹೊಗಳಿತ್ತು, ಕೇಕನ್ನೂ ತಿಂದಿತ್ತು.

ಒಂದೇ ಒಂದು ಅಡ್ಡಿ. ಕ್ಯಾಮೆರಾ ಹತ್ತು ಎನ್ನುತ್ತಿತ್ತು.

ಆ ಕ್ಯಾಮೆರಾವನ್ನು ನೋಡಿಕೊಳ್ಳುತ್ತಿದ್ದವಳು ಪುಟ್ಟಿ. ಪುಟ್ಟಿ ಎಂದರೆ ಏಳಮ್ಮನ ನಾದಿನಿ. ಮೂವತ್ತೆಂಟು ದಾಟಿದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಭೌತವಿಜ್ಞಾನಿ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹದಿನಾಲ್ಕು ಗಂಟೆಯ ದಾಖಲೆಯ ದಿನ ಶತಾಯುಷಿಯ ಪಕ್ಕದಲ್ಲಿ ನಿಂತು ಚಾಕು ಹಿಡಿದವಳೂ ಅವಳೇ. ಆ ಫೋಟೋ ಮನೆಯ ಫ್ರಿಜ್ಜಿನ ಬಾಗಿಲ ಮೇಲಿತ್ತು.

ಸಂಜೆ ಏಳಮ್ಮ ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದರು. ಪುಟ್ಟಿ ಎದುರಿಗೆ ಕುಳಿತು, ಸುಲಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ನಾನು ಸುಲಿಯೋದು ಪಾತ್ರೆಗೆ ಕಣೇ, ನಿನ್ನ ಹೊಟ್ಟೆಗಲ್ಲ," ಎನ್ನುತ್ತಿದ್ದ ಅತ್ತೆ, ಸೊಸೆಯ ಮುಖ ನೋಡಿ ಮಾತು ನಿಲ್ಲಿಸಿದರು.

ಏಳಮ್ಮ ಚೀಲ ಕೆಳಗಿಡಲಿಲ್ಲ. "ಪುಟ್ಟಿ, ವಿರಾಮ ಆದ್ಮೇಲೆ ಕ್ಯಾಮೆರಾ ಎಷ್ಟು ತೋರಿಸ್ತು?"

"ಹತ್ತು. ಟಿವಿಲಿದೆಯಲ್ಲ ಅತ್ತಿಗೆ."

"ಟಿವಿ ನೋಡೋಕೆ ನನಗೂ ಬರುತ್ತೆ. ಮೊದಲನೇ ದಿನ ಎಷ್ಟು ತೋರಿಸ್ತು?"

ಪುಟ್ಟಿಯ ಕೈಯಲ್ಲಿದ್ದ ಬಟಾಣಿ ಬಾಯಿಯವರೆಗೆ ಹೋಗಲಿಲ್ಲ. ಕಾಳನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ಆಚೆ ಈಚೆ ಉರುಳಿಸಿದಳು. "ಇಪ್ಪತ್ತು," ಎಂದಳು.

"ಇಪ್ಪತ್ತು!"

"ಬಯ್ಯೋ ಮೊದಲು ಪೂರ್ತಿ ಕೇಳಿ. ವಿರಾಮದಲ್ಲಿ ಕ್ಯಾಮೆರಾದ ಮಸೂರ ಬದಲಾಯಿಸಿದ್ವಿ. ಹೊಸ ಮಸೂರಕ್ಕೆ ಅಳತೆ ಹೊಂದಿಸಿರಲಿಲ್ಲ. ಅದೇ ದಿನ ಆಯಸ್ಸು ಏರ್ತು. ಕಿರಣ ಕೆಟ್ಟಿದ್ರೆ ಆಯಸ್ಸು ಏರುತ್ತಾ ಅಂದ್ರು ಸರ್. ಕಿರಣ ಸರಿ ಇದೆ, ಕ್ಯಾಮೆರಾ ಎರಡರಷ್ಟು ತೋರಿಸ್ತಿದೆ, ಅರ್ಧ ಮಾಡು ಅಂದ್ರು. ನಾನು ಅರ್ಧ ಮಾಡ್ದೆ."

"ಅಳತೆ ಹಿಡೀದೆ?"

"ಅಳತೆ ಹಿಡಿಯೋಕೆ ಒಂದು ದಿನ ಬೇಕಿತ್ತು. ಕೊಡಲಿಲ್ಲ."

"ಅಲ್ಲ ಕಣೇ, ಆಯಸ್ಸು ಯಾಕೆ ಏರ್ತು ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ವಾ?"

ಕೇಳಿದ್ದರು, ಉತ್ತರವೂ ಸಿಕ್ಕಿತ್ತು ಎಂದಳು ಪುಟ್ಟಿ. ಕಿರಣವೆಂದರೆ ಒಂದೇ ಎಳೆಯಲ್ಲ, ಮಣಿಸರದ ಹಾಗೆ ಸಾಲಾಗಿ ಓಡುವ ಎಲೆಕ್ಟ್ರಾನುಗಳ ಗುಂಪುಗಳು. ಮೊದಲೆಲ್ಲ ಸರದಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಬಿಡುತ್ತಿದ್ದರು. ವಿರಾಮದ ನಂತರ ಶತಾಯುಷಿ ಆ ಖಾಲಿ ಜಾಗವನ್ನೂ ತುಂಬಿಸಿದರು. ಅಷ್ಟೇ ಎಲೆಕ್ಟ್ರಾನು ಹೆಚ್ಚು ಗುಂಪುಗಳಲ್ಲಿ ಹಂಚಿಹೋದರೆ ಪ್ರತಿ ಗುಂಪಿನ ಇಕ್ಕಟ್ಟು ತಗ್ಗಿ ಆಯಸ್ಸು ಏರುತ್ತದೆ ಎಂದು ಲೆಕ್ಕ ಹಾಕಿದ್ದರು. ಅದು ಏರಿತು. ಲೆಕ್ಕ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಏರಿತು. ಜಾಸ್ತಿ ಬಂದದ್ದನ್ನು ಯಾರೂ ಪ್ರಶ್ನಿಸಲಿಲ್ಲ.

ಆ ಖಾಲಿ ಜಾಗ ಏಕಿತ್ತು ಎಂಬುದು ಅತ್ತಿಗೆ-ನಾದಿನಿ ಇಬ್ಬರಿಗೂ ಗೊತ್ತಿತ್ತು. ಕೊಳವೆಯಲ್ಲಿ ಎಷ್ಟೇ ಎಳೆದರೂ ಚೂರು ಗಾಳಿ ಉಳಿದಿರುತ್ತದೆ. ಕಿರಣ ಬಡಿದಾಗ ಅದರ ಕಣಗಳು ವಿದ್ಯುದಂಶ ಪಡೆದು ಅಯಾನುಗಳಾಗಿ ಕಿರಣಕ್ಕೇ ಅಂಟಿಕೊಳ್ಳುತ್ತವೆ. ಖಾಲಿ ಜಾಗ ಬಂದಾಗ ಹಿಡಿತ ತಪ್ಪಿ ಚದುರಿ ಕೊಳವೆಯ ಗೋಡೆಗೆ ಬೀಳುತ್ತವೆ. ಖಾಲಿ ಜಾಗವೇ ಇಲ್ಲದಿದ್ದರೆ ಅಲ್ಲೇ ಗುಡ್ಡೆಯಾಗಿ, ಹಾದುಹೋಗುವ ಪ್ರತಿ ಗುಂಪನ್ನೂ ಮೇಲೆ-ಕೆಳಗೆ ಎಳೆದಾಡುತ್ತವೆ. ಕಿರಣ ನಡುಗಲು ಶುರುಮಾಡುತ್ತದೆ.

"ವಿರಾಮದಲ್ಲಿ ಕೊಳವೆ ಬೇರೆ ಬಿಚ್ಚಿದ್ರಿ. ಒಳಗೆ ಗಾಳಿ ಮಾಮೂಲಿಗಿಂತ ಜಾಸ್ತಿ. ಅಂಥ ಹೊತ್ತಲ್ಲೇ ಗ್ಯಾಪ್ ಮುಚ್ಚಿದ್ರಿ," ಎಂದಳು ಏಳಮ್ಮ. "ನಿನಗೆ ಇದು ಯಾವಾಗ ಹೊಳೀತು?"

ಪುಟ್ಟಿ ಬಟಾಣಿ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದಳು.

"ಹೊಳೆದಿದೆ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ."

"ಎರಡು ವಾರ ಆಯ್ತು. ಸರ್‌ಗೆ ಒಂದು ಸಲ ಹೇಳಿದೆ. 'ದಾಖಲೆಯ ಸುದ್ದಿ ಹೊರಗೆ ಹೋಗಿಬಿಟ್ಟಿದೆ, ಈಗ ಕಲ್ಲು ಹಾಕಬೇಡ' ಅಂದ್ರು. ನನ್ನ ಕಾಯಂ ಕಾಗದ ಅವರ ಮೇಜಿನ ಮೇಲಿದೆ ಅತ್ತಿಗೆ."

"ಹಾಗಾಗಿ ನನ್ನ ಕನ್ನಡಿ ಮೇಲೆ ಕಲ್ಲು ಬಿದ್ರೆ ಪರವಾಗಿಲ್ಲ! ಒಂದೇ ಮನೇಲಿ, ಒಂದೇ ಮೇಜಲ್ಲಿ ಊಟ ಮಾಡ್ತೀಯ. ದಿನಾ ಬಂದು 'ಚಿತ್ರ ಸರಿಹೋಯ್ತಾ ಅತ್ತಿಗೆ' ಅಂತ ಬೇರೆ ಕೇಳ್ತಿದ್ದೆ. ಕೇಳೋವಾಗ ನಾಲಿಗೆ ತೊದಲಲಿಲ್ವಲ್ಲ!"

"ಇಬ್ಬರೂ ಸ್ವಲ್ಪ ಮೆತ್ತಗೆ," ಎಂದರು ಅತ್ತೆ. "ನನಗೆ ನಿಮ್ಮ ಉಂಗುರ ಗೊತ್ತಾಗಲ್ಲ. ಪುಟ್ಟಿ, ನೀನು ತಪ್ಪು ಮಾಡಿದೀಯಾ?"

"ಮಾಡಿದೀನಮ್ಮ."

"ಹಾಗಿದ್ರೆ ಸರಿಮಾಡು. ಅತ್ಕೊಂಡು ಬಟಾಣಿ ಮೇಲೆ ಕಣ್ಣೀರು ಹಾಕಬೇಡ."

"ನಾಳೆ ಮಧ್ಯಾಹ್ನದ ಭರ್ತಿ ನಿನ್ನ ಪಾಳೀಲಿ ಬರುತ್ತೆ," ಎಂದಳು ಏಳಮ್ಮ. ದಿನಕ್ಕೆ ಮೂರು ಸಲ, ಪಾಳಿಗೊಂದರಂತೆ, ಹಳೆಯ ಕಿರಣವನ್ನು ಚೆಲ್ಲಿ ಹೊಸದನ್ನು ತುಂಬುವುದು ಅಲ್ಲಿನ ಕ್ರಮ, ಮಧ್ಯಾಹ್ನದ್ದು ಹನ್ನೆರಡಕ್ಕೆ. "ಗ್ಯಾಪ್ ಬಿಟ್ಟು ತುಂಬು. ಒಂದೇ ಒಂದು ಸಲ. ನನ್ನ ಕನ್ನಡಿ ಸೊಟ್ಟಗಿದ್ರೆ ಆಗಲೂ ಮಸುಕೇ ಇರುತ್ತೆ. ನಾನೇ ಸ್ಪ್ಯಾನರ್ ಹಿಡಿದು ಬಿಚ್ಚಿ ಕೊಡ್ತೀನಿ."

"ಭರ್ತಿಯ ರೀತಿ ಬದಲಾಯಿಸೋಕೆ ಸರ್ ಅಪ್ಪಣೆ ಬೇಕು."

"ಕ್ಯಾಮೆರಾ ಅರ್ಧ ಮಾಡೋಕೆ ಎಷ್ಟು ಬೇಗ ಸಿಕ್ತು ನೋಡು ಅಪ್ಪಣೆ," ಎಂದು ಏಳಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡು ಮಹಡಿ ಹತ್ತಿದಳು. ಗಂಡ ಬಂದು ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು. ಹಸಿವಿತ್ತು. ಪುಟ್ಟಿಯ ಎದುರು ಕೂರುವ ಮನಸ್ಸಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಸಮಿತಿ ಸೇರಿತು. ಅಧ್ಯಕ್ಷೆ ಬೇರೊಂದು ಉಂಗುರದಿಂದ ನಿವೃತ್ತರಾದ, ನರೆಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ ವಿಜ್ಞಾನಿ. ಜೊತೆಗೆ ಕೇಂದ್ರದ ಇಬ್ಬರು ಸದಸ್ಯರು, ಶತಾಯುಷಿಗೆ ತಲೆ ಆಡಿಸಲೆಂದೇ ಬಂದಂತಿದ್ದವರು. ಗೋಡೆಯ ಮೇಲೆ ಎರಡು ಪರದೆ. ಒಂದರಲ್ಲಿ ಎಂದಿನಂತೆ ಆಯಸ್ಸಿನ ದೊಡ್ಡ ಸಂಖ್ಯೆ. ಇನ್ನೊಂದರಲ್ಲಿ ಏಳನೇ ಲೈನಿನ ಸೀಸದ ಕೋಣೆಯಿಂದ ನೇರವಾಗಿ ಬರುತ್ತಿದ್ದ ಮೂಳೆಯ ಚಿತ್ರ. ಅಂದಿನ ಮಟ್ಟಿಗೆ ಲೈನಿಗೆ ಬೆಳಕು ಬಿಡಿಸಿ ಅದನ್ನು ಹಾಕಿಸಿದ್ದು ಶತಾಯುಷಿಯೇ. ಮಸುಕನ್ನು ಸಮಿತಿ ಕಣ್ಣಾರೆ ನೋಡಲಿ ಎಂಬುದು ಅವರ ಆಸೆ.

"ಎಡಗಡೆ ನಮ್ಮ ಕಿರಣದ ಆರೋಗ್ಯ. ಬಲಗಡೆ ಏಳನೇ ಲೈನಿನ ಅವಸ್ಥೆ," ಎಂದರು. ತಲೆಯಾಡಿಸುವ ಇಬ್ಬರೂ ನಕ್ಕರು.

ಏಳಮ್ಮ ಎದ್ದು ನಿಂತಳು. ಕಿರಣ ದಪ್ಪಗಾಗಿದೆ, ಆಯಸ್ಸು ಹೆಚ್ಚಿರುವುದು ಅದಕ್ಕೇ, ಖಾಲಿ ಜಾಗ ಬಿಟ್ಟು ಒಮ್ಮೆ ತುಂಬಿ ನೋಡಿ ಎಂದಳು. ಕ್ಯಾಮೆರಾದ ಸಂಗತಿಯನ್ನೂ ಮುಚ್ಚಿಡಲಿಲ್ಲ, ಅಳತೆ ಹಿಡಿಯದೆ ಅರ್ಧ ಮಾಡಿದ್ದಾರೆ ಎಂದಳು. ಯಾರು ಮಾಡಿದರೆಂದು ಮಾತ್ರ ಹೇಳಲಿಲ್ಲ.

"ಊಹೆ," ಎಂದರು ಶತಾಯುಷಿ. "ತಮ್ಮ ಕನ್ನಡಿ ಉಳಿಸಿಕೊಳ್ಳೋಕೆ ಇಡೀ ರಿಂಗ್‌ಗೆ ಕಾಯಿಲೆ ಅಂತಿದ್ದಾರೆ. ಬೇರೆ ಯಾವ ಲೈನಿನವರಾದ್ರೂ ದೂರು ಕೊಟ್ಟಿದ್ದಾರಾ, ಕೇಳಿ."

ಮೂರಣ್ಣನ ಹೆಸರು ಏಳಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ನುಂಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಒಂದು ಸಲ ತುಂಬಿ ನೋಡೋಕೆ ಏನು ತೊಂದರೆ?" ಎಂದರು ಅಧ್ಯಕ್ಷೆ.

"ಬೇರೆ ಹತ್ತು ಲೈನುಗಳ ಕೆಲಸ ಕೆಡುತ್ತೆ. ಮುಂದಿನ ತಿಂಗಳು ನೋಡೋಣ."

"ಮುಂದಿನ ತಿಂಗಳು ನನ್ನ ಕನ್ನಡಿ ಪೆಟ್ಟಿಗೇಲಿರುತ್ತೆ ಸರ್," ಎಂದಳು ಏಳಮ್ಮ.

ಮಾತು ಸಾಗುತ್ತಿದ್ದಂತೆ ಹನ್ನೆರಡಾಯಿತು. ಎರಡೂ ಪರದೆ ಕಪ್ಪಾದವು, ಕಿರಣವನ್ನು ಚೆಲ್ಲಿದ್ದರು. ಯಾರೋ ಚಹಾ ತಂದಿಟ್ಟರು. ಶತಾಯುಷಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ಹೊಸ ಕನ್ನಡಿಗೆ ತಗಲುವ ಕಾಲದ ಬಗ್ಗೆ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಭರ್ತಿ ಮುಗಿದು ಎಡಗಡೆಯ ಪರದೆ ಬೆಳಗಿತು. ಹದಿನಾಲ್ಕು ಇರಬೇಕಾದಲ್ಲಿ ಒಂಬತ್ತು ಎಂದಿತ್ತು.

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

"ಏನಿದು? ಒಂಬತ್ತಾ?" ಶತಾಯುಷಿ ಮೇಜಿನ ಫೋನನ್ನು ಎತ್ತಿ, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ ನಿಯಂತ್ರಣ ಕೊಠಡಿಯನ್ನು ಕರೆದರು. "ಯಾರಲ್ಲಿ? ಏನು ಮಾಡಿಟ್ಟಿದೀರಿ?"

"ನಾನು ಸರ್," ಎಂದಿತು ಪುಟ್ಟಿಯ ದನಿ. "ಗ್ಯಾಪ್ ಬಿಟ್ಟು ತುಂಬಿದೀನಿ."

"ಯಾರ ಅಪ್ಪಣೆ?"

"ಯಾರದ್ದೂ ಇಲ್ಲ."

ಆ ಹೊತ್ತಿಗೆ ಬಲಗಡೆಯ ಪರದೆಯೂ ಬೆಳಗಿತ್ತು. ಅತ್ತ ಮೊದಲು ನೋಡಿದವರು ಅಧ್ಯಕ್ಷೆ. ಮೂಳೆಯ ಚೂರಿಗೆ ಅಡ್ಡಡ್ಡಲಾಗಿ ಒಂದು ಬಿರುಕು ಮಲಗಿತ್ತು. ಅದರ ಕೆಳಗೆ ಇನ್ನೊಂದು, ಅದಕ್ಕಿಂತ ಸಣ್ಣದು. ಎರಡೂ ಹೊಸ ಪೆನ್ಸಿಲಿನಲ್ಲಿ ಗೀರಿದ ಹಾಗಿದ್ದವು. ಅಧ್ಯಕ್ಷೆ ಎದ್ದು ಪರದೆಯ ಬಳಿ ಹೋದರು. ಆಮೇಲೆ ಎಡಗಡೆಗೆ ಬಂದು, ಮೂಲೆಯಲ್ಲಿದ್ದ ಸಣ್ಣ ಅಕ್ಷರವನ್ನು ಕನ್ನಡಕ ಮೇಲೆತ್ತಿ ಓದಿದರು.

"ದಪ್ಪ ಐದು ಮೈಕ್ರಾನ್ ಅಂತಿದೆ," ಎಂದರು. "ಐದು? ನಿಮ್ಮ ಅಯಸ್ಕಾಂತಗಳಿಂದ ಐದು ಮಾಡೋಕೆ ಸಾಧ್ಯವೇ ಇಲ್ಲ. ಪ್ರಪಂಚದ ಯಾವ ದಾಖಲೆ ಇದು?"

ಲೆಕ್ಕವನ್ನು ಬಿಡಿಸಿ ಹೇಳುವ ಅಗತ್ಯ ಅಲ್ಲಿದ್ದ ಯಾರಿಗೂ ಇರಲಿಲ್ಲ. ನಿಜವಾಗಿ ಹತ್ತು ಇದ್ದರೆ ಐದು ತೋರಿಸುವ ಕ್ಯಾಮೆರಾ ಹತ್ತು ತೋರಿಸುತ್ತಿದ್ದಾಗ ನಿಜವಾಗಿ ಇದ್ದದ್ದು ಇಪ್ಪತ್ತು.

"ಕ್ಯಾಮೆರಾ ಅಳತೆ ಬದಲಾಯಿಸಿದ್ದು ನಾನು," ಎಂದಿತು ಫೋನು. "ಮಾಡು ಅಂದಿದ್ದು ಸರ್. ನಾನು ಮಾಡಿದ್ದೂ ತಪ್ಪು, ಅವರು ಹೇಳಿದ್ದೂ ತಪ್ಪು. ಎರಡನ್ನೂ ಬರ್ಕೊಳ್ಳಿ."

ಶತಾಯುಷಿ ಫೋನಿನ ಗುಂಡಿ ಒತ್ತಿ ಆರಿಸಿದರು. "ಅನುಮತಿ ಇಲ್ಲದೆ ಭರ್ತಿಯ ರೀತಿ ಬದಲಾಯಿಸೋದು ಗಂಭೀರ ಅಪರಾಧ," ಎಂದರು ಅಧ್ಯಕ್ಷೆಗೆ.

"ಮೊದಲು ನಿಮ್ಮ ಇಪ್ಪತ್ತರ ವಿಷಯ ಮುಗಿಸೋಣ," ಎಂದರು ಅಧ್ಯಕ್ಷೆ.

ಕನ್ನಡಿಗೆ ಏನೂ ಆಗಿಲ್ಲ, ಅದನ್ನು ತೆಗೆಯಬೇಕಿಲ್ಲ ಎಂದು ಸಮಿತಿ ಅಲ್ಲೇ ಬರೆದುಕೊಟ್ಟಿತು. ತಲೆಯಾಡಿಸುವ ಇಬ್ಬರೂ ಅದಕ್ಕೂ ತಲೆಯಾಡಿಸಿದರು. ಅಧ್ಯಕ್ಷೆ ಸಂಜೆಯ ರೈಲಿಗೆ ಹೊರಟುಹೋದರು.

ಎರಡು ದಿನ ಬಿಟ್ಟು ಏಳಮ್ಮನ ಮೇಜಿಗೆ ಕಚೇರಿಯಿಂದ ಟಿಪ್ಪಣಿ ಬಂತು. ಲೈನನ್ನು ಮತ್ತೆ ತೆರೆಯಲು ಅದರ ಮುಖ್ಯಸ್ಥೆಯ ಸಹಿ ಬೇಕು, ಸಹಿ ಬಿದ್ದ ದಿನವೇ ಬೆಳಕು ಬಿಡಲಾಗುವುದು ಎಂದಿತ್ತು. ಲೈನು ಮುಚ್ಚಿದ್ದಕ್ಕೆ ಕಾರಣವನ್ನೂ ಬರೆದಿದ್ದರು. 'ಪಾಳಿಯ ಭೌತವಿಜ್ಞಾನಿಯೊಬ್ಬರು ತಮ್ಮದೇ ನಿರ್ಧಾರದಿಂದ ಕ್ಯಾಮೆರಾದ ಅಳತೆಯನ್ನು ಬದಲಾಯಿಸಿದ್ದರಿಂದ ಉಂಟಾದ ಗೊಂದಲ.' ತಮ್ಮದೇ ನಿರ್ಧಾರದಿಂದ. ಏಳಮ್ಮ ಆ ಎರಡು ಪದಗಳನ್ನು ಓದಿ, ಎದ್ದು ಕಿಟಕಿಯವರೆಗೆ ಹೋಗಿ, ಬಂದು ಮತ್ತೆ ಓದಿದಳು. ಟಿಪ್ಪಣಿಯನ್ನು ಮಡಚಿ ಮನೆಗೆ ಒಯ್ದಳು.

ಪುಟ್ಟಿ ಮನೆಯಲ್ಲೇ ಇದ್ದಳು. ವಿಚಾರಣೆ ಮುಗಿಯುವವರೆಗೆ ನಿಯಂತ್ರಣ ಕೊಠಡಿಗೆ ಕಾಲಿಡಬಾರದು ಎಂದು ಅವಳಿಗೆ ಹೇಳಿದ್ದರು. ಫ್ರಿಜ್ಜಿಗೆ ಒರಗಿ ನಿಂತು ಟಿಪ್ಪಣಿ ಓದಿದಳು.

"ಸಹಿ ಹಾಕಿ ಅತ್ತಿಗೆ. ನಿಮ್ಮ ಲೈನ್ ತೆರೀಲಿ. ಡಾಕ್ಟರುಗಳು ಕಾಯ್ತಿದ್ದಾರೆ. ನನ್ನದು ಹೇಗೂ ಹೋದ ಹಾಗೇ."

"ನಿನ್ನ ತ್ಯಾಗ ನನಗೆ ಬೇಕಾಗಿಲ್ಲ," ಎಂದಳು ಏಳಮ್ಮ. "ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ. ಹತ್ತಿರ ಬರಬೇಡ, ನಿಂತಲ್ಲೇ ಕೇಳು. ನೀನು ಮಾಡಿದ್ದಕ್ಕೆ ಎಷ್ಟು ಸಿಟ್ಟು ಬರಬೇಕೋ ಅಷ್ಟು ಬಂದಿದೆ, ಅದು ಇಷ್ಟು ಬೇಗ ಹೋಗಲ್ಲ. ಆದ್ರೆ ಅವರ ಪಾಲನ್ನೂ ನಿನ್ನ ತಲೆಗೆ ಕಟ್ಟೋಕೆ ನನ್ನ ಪೆನ್ನು ಕೇಳ್ತಿದ್ದಾರೆ ನೋಡು, ಎಂಥ ಧೈರ್ಯ! ನನ್ನ ಬಾಗಿಲಿಗೆ ಬೀಗ ಹಾಕಿದ್ದೂ ಅವರೇ, ಈಗ ಕೀಲಿ ತೋರಿಸಿ ಸುಳ್ಳು ಹೇಳು ಅನ್ನೋರೂ ಅವರೇ."

"ಸಹಿ ಹಾಕದಿದ್ರೆ ತೆರೆಯಲ್ಲ."

"ಗೊತ್ತು."

"ಡಾಕ್ಟರುಗಳಿಗೆ ಏನು ಹೇಳ್ತೀರಿ?"

"ನಡೆದದ್ದನ್ನ ಹೇಳ್ತೀನಿ. ಒಬ್ಬೊಬ್ಬರಿಗೂ ಫೋನ್ ಮಾಡಿ, ಇಪ್ಪತ್ತನ್ನ ಹತ್ತು ಮಾಡಿದ್ದು ಹೇಗೆ ಅಂತಾನೇ ಹೇಳ್ತೀನಿ."

ಅತ್ತೆ ಮೂರು ತಟ್ಟೆ ತಂದಿಟ್ಟು, "ಜಗಳ ಊಟ ಆದ್ಮೇಲೂ ಆಡಬಹುದು," ಎಂದರು. ಆ ದಿನ ಏಳಮ್ಮ ಪುಟ್ಟಿಯ ಎದುರೇ ಕುಳಿತು ಉಂಡಳು.

ಮರುದಿನ ಬೆಳಿಗ್ಗೆ ಅವಳು 'ತಮ್ಮದೇ ನಿರ್ಧಾರದಿಂದ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ 'ಮುಖ್ಯಸ್ಥರ ಸೂಚನೆಯಂತೆ' ಎಂದು ಬರೆದು, ಸಹಿ ಮಾಡದೆ ಟಿಪ್ಪಣಿಯನ್ನು ವಾಪಸು ಕಳಿಸಿದಳು. ಅದರ ಒಂದು ಪ್ರತಿಯನ್ನು ಅಧ್ಯಕ್ಷೆಗೂ ಕಳಿಸಿದಳು.

ಏಳನೇ ಲೈನು ಮತ್ತೂ ಐದು ವಾರ ಮುಚ್ಚಿಯೇ ಇತ್ತು.